ಮಾಲ್‌ಸುನ್ ಗುರುತಿಸಿದ ಕೈಬರಹ

ದೇಗು ನಗರದ ಮುದ್ರಕರ ಓಣಿಯಲ್ಲಿ ಮಾಲ್‌ಸುನ್ ಮೂವತ್ತು ವರ್ಷ ಅಚ್ಚುಮೊಳೆ ಜೋಡಿಸಿದವಳು. ಎಂಥ ಕೋಳಿಕಾಲಿನ ಅಕ್ಷರವನ್ನೂ ಅವಳು ಸಲೀಸಾಗಿ ಓದುತ್ತಿದ್ದಳು. ಅದರ ಜಂಬ ಅವಳಿಗೆ ಸ್ವಲ್ಪ ಹೆಚ್ಚೇ ಇತ್ತು. ಇರಲಿ ಬಿಡಿ, ದಿನವಿಡೀ ನಿಂತು ಸೀಸದ ಮೊಳೆ ಹೆಕ್ಕುವವಳಿಗೆ ಬೇರೆ ಯಾವ ಸುಖವಿತ್ತು?

ಈಗ ಎಪ್ಪತ್ತೆಂಟರ ಅವಳು ಹೈಸ್ಕೂಲಿನ ಹುಡುಗಿಯರ ಮುಂದೆ ಕುಳಿತಿದ್ದಳು. ತಾಕ್ ಜೇಮುನ್ ಅವರ ಕಾದಂಬರಿ ಓದಿಸುವ ಮೊದಲು ಐವತ್ತು ವರ್ಷದ ಹಿಂದಿನ ಸರ್ವಾಧಿಕಾರದ ಕಾಲವನ್ನೂ ಲೇಖಕರನ್ನೂ ಪರಿಚಯಿಸಬೇಕೆಂದು, ಅದನ್ನು ಅಚ್ಚಿಗೆ ಜೋಡಿಸಿದವಳನ್ನೇ ಸನ್‌ಯಂಗ್ ಟೀಚರ್ ಕರೆತಂದಿದ್ದರು.

"ಅಜ್ಜೀ, ಇದರಲ್ಲಿ ಸೈರನ್ ಕೂಗಿದ್ರೆ ಊರೆಲ್ಲ ಕಲ್ಲಾಗಿ ನಿಲ್ಲುತ್ತಂತೆ! ಏನ್ ಕಲ್ಪನೆ, ಅಲ್ವಾ?" ಎಂದಳು ಮುಂದಿನ ಬೆಂಚಿನ ಚೂಟಿ ಹುಡುಗಿ.

"ಕಲ್ಪನೆ ಎಲ್ಲಿ ಬಂತೇ? ಸಂಜೆ ಬಾವುಟ ಇಳಿಸೋ ಹೊತ್ತಿಗೆ ನಾವೆಲ್ಲ ನಡುರಸ್ತೇಲಿ ಹಾಗೇ ನಿಲ್ತಿದ್ವಿ. ಒಂದ್ಸಲ ನನ್ನ ಕೈಯಲ್ಲಿ ಬಿಸಿ ಗೆಣಸು. ಸುಡ್ತಾ ಇದೆ, ಅಲ್ಲಾಡೋ ಹಾಗಿಲ್ಲ! ನಮ್ಮ ಲಂಗದ ಉದ್ದ ಅಳೆಯೋಕೂ ಪೊಲೀಸರೇ ಬರ್ತಿದ್ರು."

ಹುಡುಗಿಯರು ಬಿದ್ದು ಬಿದ್ದು ನಕ್ಕರು.

"ಈ ಲೇಖಕರನ್ನ ಯಾರೋ ಪೊಲೀಸರಿಗೆ ಹಿಡ್ಕೊಟ್ರಂತಲ್ಲ ಅಜ್ಜಿ, ಯಾರು?"

ಟೀಚರ್ ಕೊಟ್ಟಿದ್ದ ಹೂಗುಚ್ಛವನ್ನು ಮಾಲ್‌ಸುನ್ ಮೇಜಿನ ಮೇಲಿಟ್ಟಳು. ಗೊತ್ತಿಲ್ಲ ಎಂದುಬಿಟ್ಟಿದ್ದರೆ ಹೂಗುಚ್ಛ ಹಿಡಿದು ಮರ್ಯಾದೆಯಿಂದ ಮನೆಗೆ ಹೋಗಬಹುದಿತ್ತು. ಐವತ್ತು ವರ್ಷದಿಂದ ಹಾಗೆಯೇ ಅನ್ನುತ್ತ ಬಂದಿದ್ದಳು.

"ನಾನೇ ಕಣ್ರಮ್ಮ. ಒಬ್ಬ ನಮ್ಮ ಪ್ರೆಸ್ಸಿಗೆ ಬಂದ, ಗಿರಾಕಿ ಅಂದ್ಕೊಂಡೆ. ಎರಡೇ ಸಾಲಿದ್ದ ಕಾಗದದ ಚೂರು ತೋರಿಸಿ, 'ಇದು ಯಾರ ಕೈಬರಹ ಅಂತ ನಿಂಗೂ ಗೊತ್ತಾಗಲ್ಲ ಬಿಡು' ಅಂದ. ನಂಗೆ ರೇಗಿಹೋಯ್ತು. 'ಯಾಕಾಗಲ್ಲ? ನಮ್ಮ ತಾಕ್ ಮೇಷ್ಟ್ರದ್ದು!' ಅಂದ್ಬಿಟ್ಟೆ. ಅವರು ಬರೆದದ್ದನ್ನೆಲ್ಲ ನಾನೇ ಜೋಡಿಸ್ತಿದ್ದೆ. ಅದು ಸರ್ಕಾರದ ವಿರುದ್ಧ ಬರೆದ ಕರಪತ್ರದ ಚೂರು. ಅವನು ಪೊಲೀಸು."

ಚೂಟಿ ಹುಡುಗಿಯೇ ಮೆಲ್ಲಗೆ ಕೇಳಿದಳು. "ಅವರಿಗೆ ಗೊತ್ತಾಯ್ತಾ ಅಜ್ಜಿ?"

"ಇಲ್ಲ. ಮೂರು ವರ್ಷ ಜೈಲಲ್ಲಿದ್ದು ಬಂದ್ರು. ಬಂದವರೇ ಈ ಕಾದಂಬರಿ ನನ್ನ ಮುಂದಿಟ್ರು. 'ಜೈಲಲ್ಲಿ ಬೆರಳು ಹಾಳಾಗಿದೆ ಮಾಲ್‌ಸುನ್, ಈಗ ನನ್ನ ಅಕ್ಷರ ಓದೋಳು ನೀನೊಬ್ಬಳೇ' ಅಂದ್ರು. ಅಳ್ತಾ ಜೋಡಿಸ್ದೆ. ಅವರು ಸಾಯೋವರೆಗೂ ನಾನು ನಿಜ ಹೇಳಲಿಲ್ಲ."

ಟೀಚರ್ ಏನೋ ಸಮಾಧಾನ ಹೇಳಹೊರಟರು. ಮಾಲ್‌ಸುನ್ ಕೈ ಅಡ್ಡ ಮಾಡಿ ಹುಡುಗಿಯರ ಕಡೆ ತಿರುಗಿದಳು.

"ಮೊದಲು ಪುಸ್ತಕ ಪೂರ್ತಿ ಓದಿ. ಆಮೇಲೆ ನನ್ನ ಕ್ಷಮಿಸಬಹುದಾ ಅಂತ ಹೇಳಿ. ಅವರನ್ನ ಕೇಳೋ ಧೈರ್ಯ ನಂಗೆ ಬರಲೇ ಇಲ್ಲ."