ಸಾಯುವ ಪಾರ್ಟಿನ ಪಂಚಣ್ಣ

ಸಾಯುವುದರಲ್ಲಿ ನಮ್ಮ ಪಂಚಣ್ಣನನ್ನು ಮೀರಿಸುವವರು ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಇರಲಿಲ್ಲ. ಕತ್ತಿಯಿಂದ ಸಾಯುತ್ತಿದ್ದ, ವಿಷ ಕುಡಿದು ಸಾಯುತ್ತಿದ್ದ, ಮಗನ ದುರ್ನಡತೆ ಕೇಳಿ ಎದೆ ಹಿಡಿದುಕೊಂಡು ಸಾಯುತ್ತಿದ್ದ, ಒಂದು ನಾಟಕದಲ್ಲಂತೂ ಬರೀ ಅವಮಾನದಿಂದಲೇ ಸತ್ತ. ಯಾವ ಸಾವಾದರೂ ಅವನಿಗೆ ಆತುರ ಅನ್ನುವುದು ಇರಲಿಲ್ಲ. ಮೊದಲು ಒಂದು ಕೈ ಎದೆಗೆ ಹೋಗುತ್ತಿತ್ತು. ಆಮೇಲೆ ಕಣ್ಣು ರಂಗದ ಮೇಲಿನ ಝಾಲರಿ ಕಡೆಗೆ. ಬಲಗಾಲು ನಡುಗಿ, ಎಡಗಾಲು ಮಡಿಚಿ, ಮಂಡಿಯೂರಿ, ಒಂದು ಹಾಡು ಪೂರ್ತಿ ಹೇಳಿ, ಹೆಂಡತಿ ಮಕ್ಕಳನ್ನು ದೇವರಿಗೆ ಒಪ್ಪಿಸಿ, ಆಮೇಲೆ ಪಕ್ಕಕ್ಕೆ ಒರಗುತ್ತಿದ್ದ. ಜನ ಅಷ್ಟಕ್ಕೇ ಬಿಟ್ಟಾರೆಯೇ? "ಒನ್ಸ್ ಮೋರ್" ಅಂತ ಕೂಗು ಏಳುತ್ತಿತ್ತು. ಸತ್ತ ಪಂಚಣ್ಣ ಎದ್ದು, ಪಂಚೆಯ ಧೂಳು ಕೊಡವಿ, ಸಭೆಗೆ ಕೈಮುಗಿದು, ಮತ್ತೆ ಮೊದಲಿಂದ ಸಾಯುತ್ತಿದ್ದ. ಅವನನ್ನು ಕೊಂದವನು ಪಾಪ, ಅಲ್ಲಿಯವರೆಗೂ ಕತ್ತಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರಬೇಕಾಗಿತ್ತು.

ಅವನ ಪೂರ್ತಿ ಹೆಸರು ಪಂಚಾಕ್ಷರಯ್ಯ. ಗುಬ್ಬಿ ಪೇಟೆಯಲ್ಲಿ ಪಾತ್ರೆ ಅಂಗಡಿ. ಮಾರುವುದರ ಜೊತೆಗೆ ಮದುವೆ, ಗೃಹಪ್ರವೇಶಗಳಿಗೆ ಕೊಪ್ಪರಿಗೆ, ಹಂಡೆ, ಜಗ್ಗು, ಲೋಟ ಬಾಡಿಗೆಗೂ ಕೊಡುತ್ತಿದ್ದ. ಅಂಗಡಿಯ ಹಿಂದಿನ ಗೋಡೌನಿನಲ್ಲೇ ನಮ್ಮ ನಾಟಕ ಸಂಘದ ಪ್ರಾಕ್ಟೀಸು. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆ ತುಮಕೂರಿನಲ್ಲಿ, ಓಡಾಟ ಬಸ್ಸಿನಲ್ಲಿ. ಸಂಘಕ್ಕೆ ನಾಟಕ ಬರೆಯುತ್ತಿದ್ದವನೂ ನಾನೇ. ಬರೆಯುತ್ತಿದ್ದೆ ಅಂದರೆ ದೊಡ್ಡ ಮಾತಾಯಿತು. ಒಂದು ಪಾಳೇಗಾರ, ಒಂದು ಪ್ರೇಮ, ಒಂದು ಮೋಸ, ಮಧ್ಯೆ ಪಂಚಣ್ಣನ ಒಂದು ಸಾವು, ಇಷ್ಟನ್ನು ವರ್ಷ ವರ್ಷವೂ ಹಿಂದೆಮುಂದೆ ಮಾಡಿ ಜೋಡಿಸುತ್ತಿದ್ದೆ. ನಾನು ಬರೆಯಲು ಕೂತಿದ್ದೇನೆ ಅಂತ ಗೊತ್ತಾದರೆ ಸಾಕು, ಪಂಚಣ್ಣ ಬಂದು ಎದುರಿಗೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದ:

"ಮೇಷ್ಟ್ರೇ, ಈ ಸಲ ನಾನು ಎಲ್ ಸಾಯ್ತೀನಿ?"

ಇಂಟರ್‌ವಲ್‌ಗೆ ಮುಂಚೆ ಸಾಯಿಸಿದರೆ ಅವನಿಗೆ ಮುನಿಸು. ಜನ ಕಡ್ಲೆಕಾಯಿ ಕೊಳ್ಳಲು ಎದ್ದುಹೋಗಿರುತ್ತಾರೆ, ಯಾರ ಮುಂದೆ ಸಾಯಲಿ ಅನ್ನುತ್ತಿದ್ದ. ಕೊನೆಯ ದೃಶ್ಯದಲ್ಲಿ ಸಾಯಿಸಿದರೂ ಒಪ್ಪಿಗೆಯಿಲ್ಲ. ಆ ಹೊತ್ತಿಗೆ ತಾಯಂದಿರು ಮಕ್ಕಳನ್ನು ಎಬ್ಬಿಸಿಕೊಂಡು ಹೊರಟಿರುತ್ತಾರಂತೆ. ಹಾಗಾಗಿ ಕೊನೆಯದಕ್ಕಿಂತ ಎರಡು ದೃಶ್ಯ ಹಿಂದೆ ಅವನ ಸಾವು ಗ್ಯಾರಂಟಿ. ಅಲ್ಲಿಂದ ಮುಂದಿನ ಕಥೆ ಏನು ಅನ್ನುವುದು ಯಾವತ್ತೂ ಅವನಿಗೆ ಗೊತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ನಾನ್ ಸತ್ ಮ್ಯಾಲೆ ಏನಾದ್ರೆ ನಂಗೇನ್ ಸ್ವಾಮಿ" ಅಂದ. ನಾವೆಲ್ಲ ಕೊನೆಯಲ್ಲಿ ಸಾಲಾಗಿ ನಿಂತು ಮಂಗಳ ಹಾಡುವಾಗ ಅವನು ಹಿಂದೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು ಬೋಂಡ ತಿನ್ನುತ್ತಾ ಕೂತಿರುತ್ತಿದ್ದ. ಕೊನೆಯ ಪರದೆ ಬೀಳುವುದನ್ನು ಅವನು ಒಳಗಿಂದ ಕಂಡವನೇ ಅಲ್ಲ.

ಊರಿಗೆ ಊರೇ ಅವನ ಸಾವನ್ನು ಕೊಂಡಾಡಿದರೂ ನೋಡದೇ ಇದ್ದವರು ಒಬ್ಬರಿದ್ದರು. ಅವನ ಹೆಂಡತಿ ಗಿರಿಜಕ್ಕ. ಮದುವೆಯಾದ ಹೊಸತರಲ್ಲಿ ಒಂದು ಸಲ ಬಂದಿದ್ದರಂತೆ. ಗಂಡನಿಗೆ ಚೂರಿ ಬಿದ್ದಿದ್ದೇ ತಡ, ಚೀರಿಕೊಂಡು ರಂಗದ ಮೇಲೇ ಹತ್ತಿಬಿಟ್ಟರಂತೆ. ಅತ್ತೆ, ನಾದಿನಿ ಹಿಡಿದು ಕೆಳಗಿಳಿಸಬೇಕಾಯಿತು. ಅವತ್ತೇ ಕೊನೆ. ಆಮೇಲೆ ನಾಟಕದ ಹತ್ತಿರ ಸುಳಿಯಲಿಲ್ಲ. ಅವರ ಮನೆ ನಾವು ನಾಟಕ ಆಡುವ ಸ್ಕೂಲ್ ಮೈದಾನದಿಂದ ಎರಡೇ ಬೀದಿ ಆಚೆ, ಮೈಕಿನ ಸದ್ದು ಅಡುಗೆಮನೆಗೇ ಬೀಳುತ್ತಿತ್ತು. ಗಂಡನ ಮಾತು, ಹಾಡು ಎಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಸಾಯುವ ಹಾಡಿಗೆ ಹಾರ್ಮೋನಿಯಂ ಶ್ರುತಿ ಹಿಡಿಯಿತೋ, ತಕ್ಷಣ ಮಿಕ್ಸಿ ಹಾಕಿಬಿಡುತ್ತಿದ್ದರು. ನಾಟಕದ ಮಾರನೆಯ ದಿನ ಅವರ ಮನೆಯಲ್ಲಿ ಚಟ್ನಿಪುಡಿ ರಾಶಿ ಬಿದ್ದಿರುತ್ತಿತ್ತು. ನನಗೂ ಒಂದು ಡಬ್ಬಿ ಬರುತ್ತಿತ್ತು.

ನಾಟಕ ಮುಗಿಸಿ ಬಂದ ಗಂಡನನ್ನು ಗಿರಿಜಕ್ಕ ಮುಂಬಾಗಿಲಿಂದ ಒಳಕ್ಕೆ ಬಿಡುತ್ತಿರಲಿಲ್ಲ. ಒಮ್ಮೆ ಊಟಕ್ಕೆ ಅಂತ ನಾನೂ ಜೊತೆಗೆ ಹೋಗಿದ್ದೆ. ಬಾಗಿಲಲ್ಲೇ ತಡೆದು, "ಮೇಷ್ಟ್ರು ಒಳಕ್ ಬರ್ಲಿ. ಸತ್ತು ಬಂದೋರು ಹಿತ್ಲಿಂದ ಬರ್ಬೇಕು" ಅಂದರು. ಹಿತ್ತಲಲ್ಲಿ ಹಂಡೆ ತುಂಬ ನೀರು ಕಾಯುತ್ತಿತ್ತು. ಮಸಣದಿಂದ ಬಂದವರಂತೆ ತಲೆಗೆ ಸ್ನಾನ ಮಾಡಿಸಿ, ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಚಟಪಟ ಅಂದು, ನಮಗೆಲ್ಲ ಕೆಮ್ಮು ಬಂದ ಮೇಲೆಯೇ ಅವರ ಮುಖ ಸಡಿಲವಾಗಿದ್ದು. ಪಂಚಣ್ಣ ಒದ್ದೆ ತಲೆ ಒರೆಸಿಕೊಂಡು ನನ್ನ ಪಕ್ಕ ಕೂತು, ಸಣ್ಣ ದನಿಯಲ್ಲಿ, "ಇವ್ಳೊಬ್ಳು ನೋಡ್ಲಿಲ್ಲ ನೋಡಿ" ಅಂದ. ಹೊಗಳಿಕೆ ಕೇಳಿ ಕೇಳಿ ಕೊಬ್ಬಿದ್ದ ಮನುಷ್ಯ ಅದನ್ನು ಹೇಳುವಾಗ ತೀರಾ ಸಪ್ಪಗಿದ್ದ.

ಒಂದು ಭಾನುವಾರ ಬೆಳಿಗ್ಗೆ ಪಂಚಣ್ಣ ತುಮಕೂರಿಗೆ, ನಮ್ಮ ಮನೆಗೇ ಬಂದ. ಕೈಯಲ್ಲಿ ಹೊಸದೊಂದು ಸ್ಟೀಲ್ ಬೋಗುಣಿ. ಅದನ್ನು ನನ್ನ ಹೆಂಡತಿಗೆ ಕೊಟ್ಟು, ಕಾಫಿ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ವಿಷಯ ಹೇಳಿದ. ಗಿರಿಜಕ್ಕನ ಸಕ್ಕರೆ ಕಾಯಿಲೆ ಕಣ್ಣಿಗೆ ಹತ್ತಿದೆಯಂತೆ. ಒಂದು ಕಣ್ಣು ಆಗಲೇ ಹೋದ ಹಾಗೆಯೇ, ಇನ್ನೊಂದೂ ಹೆಚ್ಚು ದಿನ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ. ಇನ್ನು ನೋಡಬೇಕಾದ್ದನ್ನೆಲ್ಲ ಈಗಲೇ ನೋಡಿಬಿಡು ಅಂತ ತವರಿನವರು ಅವರನ್ನು ಧರ್ಮಸ್ಥಳ, ಸುಬ್ರಹ್ಮಣ್ಯ ಎಲ್ಲ ಸುತ್ತಿಸಿಕೊಂಡು ಬಂದಿದ್ದರು. ಬಂದ ಮೇಲೆ ಗಿರಿಜಕ್ಕ ಗಂಡನ ಹತ್ತಿರ, ಇನ್ನೊಂದು ಉಳಿದಿದೆ, ನಿಮ್ಮ ಪಾರ್ಟು ನೋಡಬೇಕು, ಆದರೆ ಸಾಯಬಾರದು ಅಂದರಂತೆ.

"ಈ ಸಲ ನನ್ನ ಬದುಕ್ಸಿ ಮೇಷ್ಟ್ರೇ" ಅಂದ ಪಂಚಣ್ಣ. "ಒಂದೇ ಒಂದ್ ಸಲ. ಅವ್ಳು ನೋಡ್ಕಳ್ಲಿ."

ನಾನು ಆ ವರ್ಷದ ನಾಟಕದಲ್ಲಿ ಅವನನ್ನು ಕೆರೆಯ ಏರಿ ಮೇಲೆ ಸಾಯಿಸಲು ಎಲ್ಲ ತಯಾರಿ ಮಾಡಿಕೊಂಡಿದ್ದೆ. ಅವನದು ನೀರಗಂಟಿಯ ಪಾರ್ಟು, ಊರ ಕೆರೆಯ ತೂಬು ಕಾಯುವವನು. ಏರಿ ಒಡೆಯಲು ಬರುವ ಪಾಳೇಗಾರನ ಬಂಟ ಅವನ ಎದೆಗೆ ಈಟಿ ಎಸೆಯಬೇಕು. ಅದನ್ನು ತಿದ್ದಿದೆ. ಈಟಿ ಗುರಿ ತಪ್ಪಿ ಮಣ್ಣಿಗೆ ನಾಟುತ್ತದೆ, ನೀರಗಂಟಿ ಬದುಕಿ, ಕೊನೆಯ ದೃಶ್ಯದಲ್ಲಿ ತಾನೇ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಾನೆ. ಬರೆಯುವುದು ಸುಲಭವಾಯಿತು, ಬದುಕುವುದು ಪಂಚಣ್ಣನಿಗೆ ಕಷ್ಟವಾಯಿತು. ಬಂಟನ ಪಾರ್ಟು ಲೈನ್‌ಮನ್ ಲೋಕೇಶನದು. ಪ್ರಾಕ್ಟೀಸಿನಲ್ಲಿ ಅವನು ಈಟಿ ಎತ್ತಿದ ಕೂಡಲೇ ಪಂಚಣ್ಣನ ಕೈ ಎದೆಗೆ ಹೋಗುತ್ತಿತ್ತು. "ಅಣ್ಣಾ, ತಪ್ಪೋಯ್ತು ಕಣಣ್ಣ, ನೀನು ಬದ್ಕಿದ್ಯಾ" ಅಂತ ಲೋಕೇಶ ದಿನಾ ನೆನಪಿಸಬೇಕು. ಕೊನೆಯ ದೃಶ್ಯ ಬಂದರಂತೂ ಕೈ ಎಲ್ಲಿಡಬೇಕು ಅನ್ನುವುದೇ ಅವನಿಗೆ ತಿಳಿಯುತ್ತಿರಲಿಲ್ಲ. ಸತ್ತರೆ ಎಷ್ಟೋ ಆರಾಮ ಅಂತ ಗೊಣಗುತ್ತಿದ್ದ.

ನಾಟಕ ಕುಣಿಗಲ್‌ನಲ್ಲಿ. ಅಲ್ಲಿಯ ಗೆಳೆಯರ ಬಳಗವೊಂದು ಕರೆದಿತ್ತು. ಗಿರಿಜಕ್ಕನ ತವರೂ ಅದೇ ಊರಾದ್ದರಿಂದ ಅಣ್ಣತಮ್ಮಂದಿರೆಲ್ಲ ಹೊತ್ತಿಗೆ ಮುಂಚೆಯೇ ಬಂದು ಮುಂದಿನ ಸಾಲು ಹಿಡಿದಿದ್ದರು. ಗುಬ್ಬಿಯಿಂದ ಪಂಚಣ್ಣನ ಅಭಿಮಾನಿಗಳೂ ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ಅವರಿಗೆ ನಾವು ಏನೂ ಹೇಳಿರಲಿಲ್ಲ. ಶುರುವಾಗುವ ಮುಂಚೆ ಗಿರಿಜಕ್ಕ ತಮ್ಮನ ಕೈ ಹಿಡಿದುಕೊಂಡು ರಂಗದ ಹಿಂದಕ್ಕೆ ಬಂದರು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ನನ್ನ ಮುಖವನ್ನು ತೀರಾ ಹತ್ತಿರದಿಂದ ನೋಡಿ, "ನಿಮ್ ಮಾತ್ ನಂಬ್ಕೊಂಡು ಬಂದಿವ್ನಿ ಮೇಷ್ಟ್ರೇ" ಅಂದರು.

ಏರಿಯ ದೃಶ್ಯ ಬಂತು. ಲೋಕೇಶ ಈಟಿ ಎಸೆದ. ಬರೆದ ಹಾಗೇ ಅದು ಒಂದು ಮಾರು ದೂರ ಬಿತ್ತು. ಪಂಚಣ್ಣನ ಕೈ ಮಾತ್ರ ಎದೆಗೆ ಹೋಯಿತು. ಕಣ್ಣು ಝಾಲರಿಗೆ ಏರಿತು. ಬಲಗಾಲು ನಡುಗತೊಡಗಿತು. ಇಷ್ಟು ವರ್ಷದ ಅಭ್ಯಾಸ ಅಂದರೆ ಅದು ಒಬ್ಬನಿಗೇ ಇರುತ್ತದೆಯೇ? ಹಾರ್ಮೋನಿಯಂನವರೂ ಮೈಮರೆತು ಸಾಯುವ ಹಾಡಿನ ಶ್ರುತಿ ಹಿಡಿದೇಬಿಟ್ಟರು. ಗುಬ್ಬಿಯವರ ಕಡೆಯಿಂದ ಸಿಳ್ಳೆ ಎದ್ದಿತು. ಪಂಚಣ್ಣ ಮಂಡಿಯೂರಿದ. ನಾನು ಪಕ್ಕದ ಪರದೆ ಹಿಡಿದುಕೊಂಡು ಕೆಟ್ಟೆನಪ್ಪಾ ಅಂದುಕೊಂಡೆ. ಕೆಳಗೆ ಗಿರಿಜಕ್ಕ ಕುರ್ಚಿಯಿಂದ ಎದ್ದುಬಿಟ್ಟಿದ್ದರು. ಸೆರಗು ಬಾಯಿಗೆ ಒತ್ತಿಕೊಂಡು, ತಮ್ಮನ ಹೆಗಲು ಹಿಡಿದು, ಹೊರಗೆ ಹೋಗಲು ತಿರುಗುತ್ತಿದ್ದರು.

ಪಂಚಣ್ಣ ಅದನ್ನು ಕಂಡ. ಎದೆಯ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು, ಅಂಗೈಯನ್ನು ಅವರ ಕಡೆಗೆ ತಿರುಗಿಸಿ ತೋರಿಸಿದ. ಅಷ್ಟು ಹೊತ್ತು ಗ್ರಂಥದ ಕನ್ನಡ ಆಡುತ್ತಿದ್ದವನು ಮೈಕಿನಲ್ಲಿ ಮನೆ ಮಾತು ಆಡಿದ.

"ತಾಗ್ಲಿಲ್ಲ ಕಣೇ. ಅಂಗಿಗಷ್ಟೇ. ಕೂತ್ಕೊ, ಕೂತ್ಕೊ."

ಹಾಗಂದು ಎದ್ದು ನಿಂತ. ಹಾರ್ಮೋನಿಯಂ ನಡುವಿನಲ್ಲೇ ನಿಂತಿತು. ಲೋಕೇಶನಿಗೆ ಈ ಜಾಗಕ್ಕೆ ಮಾತೇ ಇರಲಿಲ್ಲ. ಬಿದ್ದ ಈಟಿ ಎತ್ತಿಕೊಂಡು, "ಹಾಗಾದರೆ ಆಮೇಲೆ ಬರುತ್ತೇನೆ" ಅಂದು ಹೊರಟುಹೋದ. ಮೈದಾನ ನಗುವಿನಲ್ಲಿ ಮುಳುಗಿತು. ಗುಬ್ಬಿಯ ಅಭಿಮಾನಿಗಳಿಗೆ ಮಾತ್ರ ತಡೆಯಲಾಗಲಿಲ್ಲ. ಸಾಯಿ ಪಂಚಣ್ಣ, ಇಷ್ಟು ದೂರ ಬಂದಿದೀವಿ, ಸಾಯಿ ಅಂತ ಕೂಗಾಡಿದರು. ಅವನು ಅವರ ಕಡೆ ತಿರುಗಿಯೂ ನೋಡಲಿಲ್ಲ. ಗಿರಿಜಕ್ಕ ಕೂತಮೇಲೆ ತನ್ನ ಮುಂದಿನ ಮಾತು ಶುರು ಮಾಡಿದ.

ಕೊನೆಯ ದೃಶ್ಯದಲ್ಲಿ ತೂಬು ಎತ್ತಿದ, ಮಂಗಳ ಹಾಡಲು ನಮ್ಮ ಸಾಲಿಗೂ ಬಂದು ಸೇರಿದ. ಮಂಗಳದ ಸಾಹಿತ್ಯ ಬರದೆ ಸುಮ್ಮನೆ ತುಟಿ ಆಡಿಸಿದ. ಗಂಟೆ ಹೊಡೆದಾಗ ನಾವೆಲ್ಲ ವಾಡಿಕೆಯಂತೆ ಎರಡು ಹೆಜ್ಜೆ ಹಿಂದಕ್ಕೆ ಸರಿದೆವು. ಇಷ್ಟು ವರ್ಷ ನಾಟಕ ಆಡಿದವನಿಗೆ ಇದನ್ನು ಹೇಳಿಕೊಡಬೇಕು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಪರದೆ ಅವನ ಬೆನ್ನ ಹಿಂದೆ ಬಿತ್ತು. ನಾವು ಒಳಗೆ, ಪಂಚಣ್ಣ ಒಬ್ಬನೇ ಹೊರಗೆ, ಪೂರ್ತಿ ಬೆಳಕಿನಲ್ಲಿ. ನಾನು ಸಂದಿಯಿಂದ ಇಣುಕಿ ನೋಡಿದೆ. ಒಳಕ್ಕೆ ಬರುವ ದಾರಿ ತಿಳಿಯದೆ, ಇಳಿದು ಹೋಗುವುದೋ ಬೇಡವೋ ಗೊತ್ತಾಗದೆ, ಕೈಮುಗಿದುಕೊಂಡು ನಿಂತೇ ಇದ್ದ. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಗಿರಿಜಕ್ಕ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ಲೋಕೇಶನಿಗೆ ಬೈದೆ.

ಮುಂದಿನ ವರ್ಷದಿಂದ ಪಂಚಣ್ಣ ಮತ್ತೆ ಸಾಯತೊಡಗಿದ. ಜನ ಬಿಡಬೇಕಲ್ಲ. ಗಿರಿಜಕ್ಕನಿಗೆ ಅಷ್ಟರಲ್ಲಿ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸಂಜೆ ಹೊತ್ತು ಅವರ ಕೈ ಹಿಡಿದು ಬೀದಿಯಲ್ಲಿ ನಡೆಸಿಕೊಂಡು ಹೋಗುವಾಗ, ಯಾರ ಮನೆಗೆ ಸುಣ್ಣ ಆಯಿತು, ಯಾರ ಅಂಗಳದಲ್ಲಿ ಯಾವ ಹೂ ಬಿಟ್ಟಿತು ಅಂತ ಒಂದೊಂದನ್ನೂ ಹೇಳುತ್ತಿದ್ದ.

ಹೋದ ಕಾರ್ತಿಕದಲ್ಲಿ ಲೋಕೇಶ ಫೋನ್ ಮಾಡಿ, ಪಂಚಣ್ಣ ಹೋಗ್ಬಿಟ್ಟ ಸಾರ್ ಅಂದ. ಗಿರಾಕಿಗೆ ಕುಕ್ಕರ್ ತೋರಿಸುತ್ತಿದ್ದವನು ಸುಸ್ತು ಅಂತ ಕುರ್ಚಿಯಲ್ಲಿ ಕೂತನಂತೆ, ಮತ್ತೆ ಏಳಲಿಲ್ಲವಂತೆ. ಒಂದು ಮಾತಿಲ್ಲ, ಹಾಡಿಲ್ಲ. ಗುಬ್ಬಿಯ ಬಸ್ಸಿನಲ್ಲಿ ಕೂತು ನನಗೆ ಅವನ ಮೇಲೆ ಸಿಟ್ಟೇ ಬಂತು. ಇಷ್ಟು ಆತುರ ಏನಿತ್ತಯ್ಯಾ ನಿನಗೆ ಅಂತ ಕೇಳಬೇಕು ಅನ್ನಿಸಿತು.

ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಗಿರಿಜಕ್ಕ ಪಕ್ಕದಲ್ಲೇ ಚಾಪೆಯ ಮೇಲಿದ್ದರು. ಹೊರಡಿಸುವ ಹೊತ್ತಾಯಿತು. ಹಿರಿಯ ಹೆಂಗಸೊಬ್ಬರು ಅವರ ಕೈ ಹಿಡಿದು, ನೋಡೋಕಂತೂ ಆಗಲ್ಲ, ಮುಖ ಒಂದು ಸಲ ಮುಟ್ಟವ್ವ ಅಂತ ಮುಂದಕ್ಕೆ ಒಯ್ದರು. ಗಿರಿಜಕ್ಕ ಕೈ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ" ಅಂದರು. "ನನ್ ಕಣ್ಣಾಗೆ ಅವ್ರು ಕುಣಿಗಲ್‌ನಾಗೆ ಪರದೆ ಮುಂದೆ ನಿಂತವ್ರೆ. ಈಗ ಮುಟ್ಟುದ್ರೆ ಅದು ಹೊಂಟೋಯ್ತದೆ."

ಯಾರೂ ಒತ್ತಾಯ ಮಾಡಲಿಲ್ಲ. ಗಂಡಸರು ಪಂಚಣ್ಣನನ್ನು ಎತ್ತಿಕೊಂಡು ಹೊರಟರು. ನಾನು ಹೋಗಲಿಲ್ಲ, ಗಿರಿಜಕ್ಕನ ಪಕ್ಕದಲ್ಲಿ ಕೂತೆ.