ಹೊನ್ನಾವರದ ಕಂಪ್ಯೂಟರ್ ದೋಣಿ

ಎಂಬತ್ತರ ದಶಕದ ಕೊನೆಗೆ ಹೊನ್ನಾವರದ ನಮ್ಮ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ಗಣಿತ ಕಲಿಸುತ್ತಿದ್ದ ನನಗೆ ಹತ್ತು ದಿನದ ತರಬೇತಿ ಕೊಟ್ಟು ಅದನ್ನು ನನ್ನ ಕೊರಳಿಗೆ ಕಟ್ಟಿದರು. ಹೆಡ್‌ಮಾಸ್ತರು ಅದಕ್ಕೆ ಕುಂಕುಮ ಹಚ್ಚಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

ಅದರಲ್ಲಿ ಚಿತ್ರ ಬಿಡಿಸುವ ಪಾಠವೊಂದಿತ್ತು. ಪರದೆಯ ಮೇಲಿನ ಪುಟ್ಟ ತ್ರಿಕೋನಕ್ಕೆ ಆಮೆ ಎಂದು ಹೆಸರು. ಮುಂದೆ ಐವತ್ತು, ಬಲಕ್ಕೆ ತೊಂಬತ್ತು ಎಂದು ಟೈಪ್ ಮಾಡಿದರೆ ಅದು ಗೆರೆ ಎಳೆಯುತ್ತ ಹಾಗೇ ಸಾಗುತ್ತಿತ್ತು. ಅಷ್ಟರಲ್ಲಿ ಸುದ್ದಿ ಬಂತು: ಕುಮಟೆಯ ಹೈಸ್ಕೂಲಿನವರಿಗೂ ಈ ಯಂತ್ರದ ಮೇಲೆ ಕಣ್ಣು, ತಪಾಸಣೆಗೆ ಬರುವ ಸಾಹೇಬರಿಗೆ ನಮ್ಮ ಪಾಠ ಹಿಡಿಸದಿದ್ದರೆ ಅದು ಅಲ್ಲಿಗೇ ಹೋಗುತ್ತದೆ. ಕುಮಟೆಯವರ ಎದುರು ತಲೆ ತಗ್ಗಿಸುವುದಕ್ಕಿಂತ ಶರಾವತಿಗೆ ಹಾರುವುದು ಲೇಸು ಎನಿಸಿತು ನನಗೆ.

ಯಂತ್ರ ಒಂದು, ಮಕ್ಕಳು ನಲವತ್ತು, ಬೀಗದ ಕೈ ಸಿಗುವುದೇ ಅಪರೂಪ. ಹಾಗಾಗಿ ಮೈದಾನದ ಮರಳಿನಲ್ಲೇ ಅಭ್ಯಾಸ. ಒಬ್ಬರು ಆಮೆಯಾಗಿ ಕೋಲಿನಿಂದ ಗೆರೆ ಎಳೆಯುತ್ತ ನಡೆಯುವುದು, ಉಳಿದವರು ಮುಂದೆ ಇಷ್ಟು, ಬಲಕ್ಕೆ ಇಷ್ಟು ಎಂದು ಕೂಗುವುದು. ಸಾಹೇಬರಿಗೆ ತೋರಿಸಲೆಂದು ನಾನು ಬರೆದುಕೊಟ್ಟ ದೋಣಿಯ ಚಿತ್ರವನ್ನು ನೋಡಿ ಮೀನುಗಾರರ ಮನೆಯ ಹುಡುಗಿಯೊಬ್ಬಳು ನಕ್ಕಳು.

"ಅಕ್ಕೋರೆ, ಇದೆಂತ ದೋಣಿ? ಒಂದು ತೆರೆ ಬಂದ್ರೆ ಮಗುಚಿ ಬೀಳ್ತದೆ. ಪಕ್ಕಕ್ಕೆ ತೇಲುಮರ ಕಟ್ಟೂದು ಬೇಡ್ವಾ?"

ಅಲ್ಲಿಂದ ಅವಳೇ ಮೇಸ್ತ್ರಿ. ಲೆಕ್ಕದಲ್ಲಿ ಎಂದೂ ಮೂವತ್ತೈದು ದಾಟದವಳು ನನಗೇ ಕೋನ ಹೇಳಿಕೊಟ್ಟಳು. ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಸಾಹೇಬರು ಬಂದ ದಿನ ಚಪ್ಪಲಿ ಕಳಚಿಟ್ಟು ಕೋಣೆಯೊಳಗೆ ಕೂತರು. ಆಮೆ ದೋಣಿಯ ತಳ ಮುಗಿಸಿತ್ತಷ್ಟೆ, ಕರೆಂಟು ಹೋಯಿತು. ಅರ್ಧ ಗಂಟೆ ಕಾದರೂ ಬರಲಿಲ್ಲ. ಕರೆಂಟು ತೆಗೆದವಳು ನಾನೇ ಎಂಬಂತೆ ಹೆಡ್‌ಮಾಸ್ತರು ದುರುಗುಟ್ಟಿದರು. ನನಗೆ ಅಳುವೇ ಬಂದಿತ್ತು.

"ಮೈದಾನಕ್ಕೆ ಬನ್ನಿ ಸಾಹೇಬ್ರೆ, ಅಲ್ಲಿ ತೋರಸ್ತೇವೆ" ಎಂದಳು ಹುಡುಗಿ.

ಮಕ್ಕಳು ಕೂಗಿದರು, ಅವಳು ನಡೆದಳು. ಹತ್ತು ನಿಮಿಷದಲ್ಲಿ ತೇಲುಮರದ ಸಮೇತ ಇಡೀ ದೋಣಿ ಮರಳಿನ ಮೇಲೆ ತಯಾರು. ಸಾಹೇಬರು ಚಪ್ಪಾಳೆ ತಟ್ಟಿದರು, ಬಾಯಿ ತುಂಬ ಹೊಗಳಿದರು, ಎರಡು ಸಲ ಚಹಾ ಕುಡಿದು ಹೊರಟರು. ಗೆದ್ದೆವೆಂದು ನಾನು ಇಡೀ ಕ್ಲಾಸಿಗೆ ಪೆಪ್ಪರಮಿಂಟು ಹಂಚಿದೆ.

ತಿಂಗಳೊಳಗೆ ಅವರ ವರದಿ ಬಂತು. ಹೆಡ್‌ಮಾಸ್ತರು ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು: ಇಲ್ಲಿಯ ಮಕ್ಕಳು ಕಂಪ್ಯೂಟರ್ ಇಲ್ಲದೆಯೂ ಅತ್ಯುತ್ತಮವಾಗಿ ಕಲಿಯುತ್ತಿದ್ದಾರೆ, ಆದ್ದರಿಂದ ಯಂತ್ರವನ್ನು ಹೆಚ್ಚು ಅಗತ್ಯವಿರುವ ಕುಮಟೆಗೆ ಕೂಡಲೇ ಕಳಿಸತಕ್ಕದ್ದು.