ಎಲ್ಲರಿಗೂ ಒಂದೇ ದಿನ ಹೇಳಿದ ನಷ್ಟ

ಹಾಸನದಿಂದ ಬಂದ ಅಪ್ಪ ಚಪ್ಪಲಿಯನ್ನೂ ಬಿಡದೆ ಜಗುಲಿಯ ಮೇಲೆ ಕುಳಿತುಬಿಟ್ಟರು. ನೀರು ಕೊಟ್ಟೆ, ಕುಡಿಯಲಿಲ್ಲ.

"ಆಲೂಗಡ್ಡೆ ಓಯ್ತು ಕಣವ್ವ. ಗೋಡೌನಿಗೆ ನೀರು ನುಗ್ಬುಟ್ಟದೆ. ಎಲ್ಲಾ ಕೊಳ್ತೋಯ್ತು."

ಇದು ಅರವತ್ತರ ದಶಕದ ಮಾತು. ನಾವಿದ್ದದ್ದು ಹೊಳೆನರಸೀಪುರದಲ್ಲಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಲೆಕ್ಕ ಬರೆಯುತ್ತಿದ್ದೆ.

ಅಪ್ಪನದು ಅಂಗಡಿಯಲ್ಲ, ಬ್ಯಾಂಕೂ ಅಲ್ಲ. ಜನ ತಮ್ಮ ಕೈಲಾದಷ್ಟು ದುಡ್ಡು ತಂದು ಅವರಿಗೆ ಕೊಡುತ್ತಿದ್ದರು. ಅದನ್ನೆಲ್ಲ ಒಟ್ಟು ಮಾಡಿ ಹಾಸನದಲ್ಲಿ ಆಲೂಗಡ್ಡೆ, ಅರಕಲಗೂಡಿನಲ್ಲಿ ಹೊಗೆಸೊಪ್ಪು, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಕೊಳ್ಳುತ್ತಿದ್ದರು. ಬೆಲೆ ಬಂದಾಗ ಮಾರಿ, ಲಾಭವನ್ನು ಪಾಲಿನ ಪ್ರಕಾರ ಹಂಚುತ್ತಿದ್ದರು. ಊರಿನವರು ಇದನ್ನು ಪಾಲುಕೂಟ ಅನ್ನುತ್ತಿದ್ದರು.

"ಮೂರೂ ಒಟ್ಗೆ ಬೀಳಾಕಿಲ್ಲ" ಅನ್ನುವುದು ಅಪ್ಪನ ನಂಬಿಕೆ. ಐವತ್ತರ ದಶಕದಲ್ಲಿ ಕೂಟ ಶುರುವಾದಾಗಿನಿಂದ ಅದು ಹುಸಿಯಾಗಿರಲಿಲ್ಲ.

ಈಗಲೂ ಮೂರೂ ಬಿದ್ದಿರಲಿಲ್ಲ ಅನ್ನಿ... ಹೊಗೆಸೊಪ್ಪು ಮಾರಿದ ನಗದು ಪೆಟ್ಟಿಗೆಯಲ್ಲಿತ್ತು, ಕೊಬ್ಬರಿ ಅಟ್ಟದ ಮೇಲಿತ್ತು. ಆದರೆ ಆ ವರ್ಷ ಆಲೂಗಡ್ಡೆಗೇ ಹೆಚ್ಚು ಹಾಕಿದ್ದರು.

ಸಂಜೆಯ ಹೊತ್ತಿಗೆ ಅಪ್ಪನಿಗೆ ಜ್ವರ ಏರಿತು. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಮರುದಿನ ಬೆಳಿಗ್ಗೆ ಮನೆ ಮುಂದೆ ಕಾರು ನಿಂತಿತು. ಇಳಿದವರು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಗುರುಸಿದ್ದಪ್ಪ. ಕೂಟದಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಅವರದು.

ಅವರ ಮಗನಿಗೂ ನನಗೂ ಮದುವೆ ಗೊತ್ತಾಗಿತ್ತು. ವೀಳ್ಯ ಶಾಸ್ತ್ರವೂ ಮುಗಿದಿತ್ತು.

ಅವರಿಗೆ ಸುದ್ದಿ ಹಾಸನದಿಂದಲೇ ಮುಟ್ಟಿತ್ತು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮೆಲ್ಲಗೆ ಹೇಳಿದರು. "ನನ್ನ ಪಾಲು ಪೂರ್ತಿಯಾಗಿ ಇವತ್ತೇ ಕೊಟ್ಬುಡವ್ವ. ಮಿಕ್ಕೋರಿಗೆ ಆಮೇಲೆ ನಿಧಾನವಾಗಿ ಹೇಳಿದ್ರಾಯ್ತು."

ಅವರಿಗೆ ಪೂರ್ತಿ ಕೊಟ್ಟರೆ ಪೆಟ್ಟಿಗೆ ಖಾಲಿ. ಕೊಳೆತ ಆಲೂಗಡ್ಡೆಯೆಲ್ಲ ಮಿಕ್ಕವರ ತಲೆಗೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಹೇಳೋದಾದ್ರೆ ಎಲ್ಲರಿಗೂ ಒಂದೇ ದಿನ ಹೇಳ್ತೀನಿ. ಕೊಡೋದಾದ್ರೂ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಕೊಡ್ತೀನಿ" ಅಂದೆ.

ಅವರು ಎದ್ದು ನಿಂತರು. "ನಮ್ಮನೆಗೆ ಬರೋ ಹುಡುಗಿ ನೀನು. ಅದನ್ನ ಮನಸಲ್ಲಿ ಇಟ್ಕಂಡು ಮಾತಾಡು."

"ಇಟ್ಕೊಂಡೇ ಮಾತಾಡ್ತಿದೀನಿ, ಮಾವ."

ಕಾರು ಹೋದ ಮೇಲೆ ಅವ್ವ ಅಡುಗೆಮನೆಯಿಂದ ಬಂದಳು. ಕಣ್ಣು ಕೆಂಪಾಗಿತ್ತು. "ಅವರದೊಂದು ಕೊಟ್ಬುಡು ಮಗ. ನಾಳೆ ನಿನ್ನ ಯಾರು ಮಾಡ್ಕಂಡಾರು?"

ನಾನು ಅಪ್ಪನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಗೋಡೆಯಿಂದ ಮುಖ ಈಚೆ ತಿರುಗಿಸಿ, "ನಿಂಗೆ ಏನ್ ಸರಿ ಅನ್ನುಸ್ತದೋ ಅದೇ ಮಾಡು" ಅಂದರು. ಅಷ್ಟು ಸಾಕಾಯಿತು.

ಬಸ್ ಕಂಡಕ್ಟರುಗಳ ಮೂಲಕ ಊರೂರಿಗೆ ಹೇಳಿಕಳಿಸಿದೆ. ಭಾನುವಾರ ಪಾಲುದಾರರೆಲ್ಲ ಬರಬೇಕು ಎಂದು. ಗುರುಸಿದ್ದಪ್ಪನವರಿಗೂ ಅದೇ ಮಾತು.

ಭಾನುವಾರ ಹಜಾರ ತುಂಬಿ ಜನ ಬಾಗಿಲಾಚೆಗೂ ನಿಂತಿದ್ದರು. ಅಷ್ಟು ಜನರ ಮುಂದೆ ನಾನು ಅದುವರೆಗೆ ಮಾತಾಡಿದವಳಲ್ಲ.

ಸುತ್ತಿಬಳಸದೆ ಹೇಳಿದೆ. ಆಲೂಗಡ್ಡೆ ಪೂರ್ತಿ ಹೋಗಿದೆ. ಉಳಿದಿರುವುದು ಇಷ್ಟು ನಗದು, ಇಷ್ಟು ಕೊಬ್ಬರಿ. ನಷ್ಟ ಎಲ್ಲರ ಪಾಲಿಗೂ ಒಂದೇ ಸಮ. ಬೇಕಾದವರು ಇವತ್ತಿನ ಬೆಲೆಯಲ್ಲಿ ಪಾಲು ತೆಗೆದುಕೊಂಡು ಹೋಗಬಹುದು. ಇರುವವರು ಕೊಬ್ಬರಿಗೆ ಬೆಲೆ ಬರುವವರೆಗೆ ಕಾಯಬೇಕು... ಬರುತ್ತದೆ ಎಂದು ನಾನು ಮಾತು ಕೊಡಲಾರೆ.

ಅರಕಲಗೂಡಿನ ಒಬ್ಬ ರೈತ ಎದ್ದು ನಿಂತ. "ನಿಮ್ಮಪ್ಪನ ಮಖ ನೋಡಿ ದುಡ್ಡು ಕೊಟ್ಟಿದ್ದೆ ಕಣವ್ವ. ಗೋಡೌನ್ ಹೆಂಗದೆ ಅಂತ ನೋಡಿ ಕೊಟ್ಟಿರ್ನಿಲ್ಲ." ಅವನ ಪಾಲನ್ನು ಎಣಿಸಿ ಕೊಟ್ಟೆ.

ಸಾಲಗಾಮೆಯ ಪುಟ್ಟಮ್ಮ ಕೂಲಿ ಮಾಡಿ ಉಳಿಸಿದ್ದನ್ನು ತಂದು ಕೊಡುತ್ತಿದ್ದವಳು. ಹಿಂದೆ ಕುಳಿತಿದ್ದವಳು ಅಲ್ಲಿಂದಲೇ ಕೇಳಿದಳು.

"ಆ ಕೊಬ್ಬರಿ ಸಾವ್ಕಾರ್ರದೂ ಇಂಗೇ ಓಯ್ತಾ?"

"ನಿಮ್ಮ ರೂಪಾಯಿಗೆ ಎಷ್ಟು ಹೋಗಿದೆಯೋ ಅವರ ರೂಪಾಯಿಗೂ ಅಷ್ಟೇ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅಂಗಾರೆ ನಂದು ಇಲ್ಲೇ ಇರ್ಲಿ. ಕಾಯ್ತೀನಿ."

ಅವಳನ್ನು ನೋಡಿ ಹೊರಡಲು ಎದ್ದಿದ್ದ ಕೆಲವರು ಮತ್ತೆ ಕುಳಿತರು. ಎಲ್ಲರೂ ಅಲ್ಲ. ಬೈದು ಹೋದವರೂ ಇದ್ದರು.

ಕೊನೆಗೆ ಬಂದವನು ಗುರುಸಿದ್ದಪ್ಪನವರ ಮಗ, ನಾನು ಮದುವೆಯಾಗಬೇಕಿದ್ದ ಹುಡುಗ. ಸಾಲಿನಲ್ಲೇ ನಿಂತು ಬಂದಿದ್ದ. ನನ್ನ ಮುಖ ನೋಡದೆ, "ಅಪ್ಪಾಜಿ ಬೇರೆ ಕಡೆ ಹೆಣ್ಣು ನೋಡ್ತಾವ್ರೆ" ಅಂದ.

ಸುಳ್ಳೇಕೆ ಹೇಳಲಿ, ಅವನನ್ನು ಕಂಡರೆ ನನಗೆ ಇಷ್ಟವಿತ್ತು.

"ಆಗಲಿ. ಇಲ್ಲಿ ರುಜು ಮಾಡಿ" ಅಂದೆ.

ರುಜು ಮಾಡಿ, ಎಲ್ಲರ ಲೆಕ್ಕದಲ್ಲೇ ಬಂದ ದುಡ್ಡನ್ನು ತೆಗೆದುಕೊಂಡು ಹೋದ.

ಕೊಬ್ಬರಿಗೆ ಆಮೇಲೆ ಒಳ್ಳೆಯ ಬೆಲೆ ಬಂತು. ಕಾದವರಿಗೆ ಕಳೆದದ್ದರಲ್ಲಿ ಬಹುಪಾಲು ವಾಪಸಾಯಿತು, ಪೂರ್ತಿ ಅಲ್ಲ.

ಅಪ್ಪ ಚೇತರಿಸಿಕೊಂಡರು. ಆದರೆ ಕೂಟದ ಗಾದಿಯ ಮೇಲೆ ಮತ್ತೆ ಕೂರಲಿಲ್ಲ. ಯಾರೇ ದುಡ್ಡು ತಂದರೂ "ಅವಳ ಕೈಲಿ ಕೊಡಿ" ಅನ್ನುತ್ತಿದ್ದರು. ಮೊದಮೊದಲು ಜನ ಹಿಂದೆಮುಂದೆ ನೋಡಿದರು, ಆಮೇಲೆ ರೂಢಿಯಾಯಿತು. ಗೋಡೌನುಗಳನ್ನು ನಾನೇ ಹೋಗಿ ನೋಡಿ ಬರುತ್ತಿದ್ದೆ.

ಮದುವೆ ತಡವಾಗಿ ಆಯಿತು, ಅರಕಲಗೂಡಿನ ಒಬ್ಬ ಮೇಷ್ಟರ ಜೊತೆ. ಮಾತುಕತೆಯ ದಿನವೇ ಕೂಟ ಬಿಡುವುದಿಲ್ಲ ಎಂದು ಹೇಳಿದ್ದೆ. ಅವರು ಬಿಡು ಎಂದು ಒಮ್ಮೆಯೂ ಹೇಳಲಿಲ್ಲ.

ಈಗ ಎಲ್ಲರ ಮೊಬೈಲಿನಲ್ಲೂ ಮ್ಯೂಚುವಲ್ ಫಂಡು, ಎಲ್ಲರ ಬಾಯಲ್ಲೂ ಲಾಭದ ಮಾತು. ನಿಮ್ಮ ದುಡ್ಡು ಯಾರ ಕೈಯಲ್ಲಿದೆಯೋ ಅವರು ನಷ್ಟವಾದ ದಿನ ಮೊದಲು ಯಾರಿಗೆ ಹೇಳುತ್ತಾರೆ... ಯಾವತ್ತಾದರೂ ಕೇಳಿದ್ದೀರಾ?